ಕಮಲಾಪುರದ ಸೂಲಗಿತ್ತಿಯ ಬಿಲ್ಲೆ

ಸಮುದ್ರ ದಾಟದೆ ಪರದೇಶಕ್ಕೆ ಹೋಗಿಬಂದೆ ಎಂದರೆ ಧಾರವಾಡದ ನಮ್ಮ ಓಣಿಯವರು ನಗುತ್ತಾರೆ. ಆದರೆ ಬೇರೆ ನಾಣ್ಯ, ಬೇರೆ ಟಪಾಲು ತಿಕೀಟು, ಕಚೇರಿಯಲ್ಲಿ ಬೇರೆ ಭಾಷೆ, ರೈಲು ಇಳಿದೊಡನೆ ಪೆಟ್ಟಿಗೆ ಬಿಚ್ಚಿಸಿ ನೋಡುವ ಸುಂಕದವರು, ಇಷ್ಟೆಲ್ಲ ಇರುವ ನಾಡನ್ನು ಪರದೇಶ ಅನ್ನದೆ ಏನನ್ನಬೇಕು? ನಿಜಾಮರ ರಾಜ್ಯ ನಮಗೆ ಹೋಟಗಿಯಲ್ಲಿ ಗಾಡಿ ಬದಲಿಸಿದ ಮೇಲೆ ಸಿಗುತ್ತದೆ. ಅಲ್ಲಿಯವರೂ ಕನ್ನಡವನ್ನೇ ಆಡುತ್ತಾರೆ. ಅದಕ್ಕೇ ಬೆರಗು ಹೆಚ್ಚು.

ನಾನು ಶಾಲಾಮಾಸ್ತರ. ಹಳೆಯ ನಾಣ್ಯ ಕೂಡಿಸುವುದು ನನ್ನ ಹುಚ್ಚು. ಈ ಹುಚ್ಚು ಗೊತ್ತಿದ್ದ ನನ್ನ ಸಹಪಾಠಿ ಗುರುಲಿಂಗಪ್ಪ ಕಮಲಾಪುರದಿಂದ ಪತ್ರ ಬರೆದಿದ್ದ. ಅವನು ಓದು ಮುಗಿಸಿ ಊರಿಗೆ ಹೋಗಿ ಬಾಳೆ ಬೆಳೆಯುತ್ತಿದ್ದವನು. "ನಮ್ಮೂರ ಸೂಲಗಿತ್ತಿಯ ಹತ್ತಿರ ಒಂದು ಕಂಚಿನ ಬಿಲ್ಲೆ ಇದೆ. ಮೇಲೆ ಮುಖವಿದೆ, ಯಾರದೆಂದು ಯಾರಿಗೂ ತಿಳಿಯದು. ಅದರಿಂದ ಊರಲ್ಲಿ ತಂಟೆ ಎದ್ದಿದೆ. ನನ್ನ ಸೊಸೆಗೆ ಎಂಟು ತುಂಬಿ ಒಂಬತ್ತು ನಡೆದಿದೆ. ಬೇಗ ಬಂದು ನೋಡಿ ಹೇಳು" ಎಂದಿತ್ತು ಪತ್ರ. ನಾಣ್ಯಕ್ಕೂ ಸೊಸೆಯ ದಿನ ತುಂಬುವುದಕ್ಕೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಆದರೂ ಭೂತಗನ್ನಡಿ, ಕುಂಚ, ಅಚ್ಚು ತೆಗೆಯುವ ಮೇಣ ಎಲ್ಲ ಪೆಟ್ಟಿಗೆಗೆ ಹಾಕಿಕೊಂಡು ಹೊರಟೆ.

ಕಲಬುರಗಿ ಸ್ಟೇಶನ್

ಆ ಮೇಣವೇ ನನಗೆ ಮುಳುವಾಯಿತು. ಕಲಬುರಗಿಯಲ್ಲಿ ಇಳಿದಾಗ ಬಿಸಿಲಿಗೆ ಅದು ಕರಗಿ ನನ್ನ ಒಗೆದ ಧೋತರಕ್ಕೆ ಹತ್ತಿತ್ತು. ಸುಂಕದ ಅಧಿಕಾರಿ ಕೆಂಪು ಟೋಪಿಯ ಗಂಭೀರ ಮನುಷ್ಯ. ಧೋತರವನ್ನು ಎರಡು ಬೆರಳಲ್ಲಿ ಎತ್ತಿ ಉರ್ದುವಿನಲ್ಲಿ ಏನೋ ಕೇಳಿದ. ಪಕ್ಕದ ಜವಾನ ಕನ್ನಡಕ್ಕೆ ತಿರುಗಿಸಿದ.

"ಸಾಹೇಬ್ರು ಕೇಳ್ಲಾಕತ್ತಾರ್ರಿ, ಈ ಮೇಣ ಯಾತಕ್ಕಂತ."

"ನಾಣ್ಯದ ಅಚ್ಚು ತೆಗೀಲಿಕ್ಕೆ" ಎಂದೆ ನಾನು, ಸತ್ಯವಂತನಾಗಿ.

ಜವಾನ ಅದನ್ನು ತಿರುಗಿಸಿ ಹೇಳಲೂ ಇಲ್ಲ. ನನ್ನ ಮುಖ ನೋಡಿದ, ಸಾಹೇಬರ ಮುಖ ನೋಡಿದ, ಮೆಲ್ಲಗೆ ಬಾಗಿಲಿಗೆ ಅಡ್ಡ ನಿಂತ. ಆಗ ನನಗೆ ಹೊಳೆಯಿತು. ಪರರಾಜ್ಯದಿಂದ ಬಂದವನೊಬ್ಬ ನಾಣ್ಯದ ಅಚ್ಚು ತೆಗೆಯುತ್ತೇನೆಂದರೆ ಖೋಟಾ ನಾಣ್ಯ ಹೊಯ್ಯುವವನೇ ಇರಬೇಕಲ್ಲ! ಎರಡು ತಾಸು ಬೆಂಚಿನ ಮೇಲೆ ಕೂತೆ. ಕಡೆಗೆ ಮೇಣವನ್ನು ಕೈಯಲ್ಲೇ ನಾದಿ, ಸಾಹೇಬರ ಬೆರಳಿನ ಮುದ್ರೆಯುಂಗುರವನ್ನು ಬೇಡಿ ಪಡೆದು, ಅದರ ಅಚ್ಚು ತೆಗೆದು ತೋರಿಸಿದೆ. ಭೂತಗನ್ನಡಿಯಲ್ಲಿ ತನ್ನದೇ ಹೆಸರು ದೊಡ್ಡದಾಗಿ ಕಂಡದ್ದೇ ಆ ಗಂಭೀರ ಮುಖ ಅರಳಿತು. ಆಮೇಲೆ ಸ್ಟೇಶನ್ನಿನವರೆಲ್ಲ ಸಾಲಾಗಿ ಬಂದು ತಮ್ಮ ತಮ್ಮ ಉಗುರು, ಮೀಸೆ, ಸೊಳ್ಳೆ ಕಚ್ಚಿದ ಗಂಟು ಎಲ್ಲ ನೋಡಿಕೊಂಡರು. ನನಗೆ ಚಹಾ ಬಂತು. ನಮ್ಮ ಕಡೆ ಸರಕಾರಿ ಮನುಷ್ಯ ಸಂಶಯಪಟ್ಟರೆ ಸಂಶಯದಲ್ಲೇ ಉಳಿಯುತ್ತಾನೆ. ಇಲ್ಲಿ ಅದೇ ಮನುಷ್ಯ ಟಾಂಗಾ ಕರೆಸಿ, "ತಕಲೀಫ್ ಆತು, ಮಾಫ್ ಮಾಡ್ರಿ ಅಂತ ಸಾಹೇಬ್ರು ಹೇಳ್ಯಾರ್ರಿ" ಎಂದು ಜವಾನನ ಕೈಲಿ ಹೇಳಿಸಿ ಕಳಿಸಿದ.

ದಾರಿ

ಗುರುಲಿಂಗಪ್ಪ ಎತ್ತಿನ ಸವಾರಿ ಬಂಡಿ ಕಳಿಸಿದ್ದ. ಮರುದಿನ ಬೆಳಗ್ಗೆ ಕಲಬುರಗಿ ಬಿಟ್ಟೆವು. ಐವಾನ್-ಎ-ಶಾಹಿಯ ಮುಂದೆ ಹಾಯುವಾಗ ಬಂಡಿಯವನು ತಾನಾಗಿ ಮಾತು ನಿಲ್ಲಿಸಿದ. ಹುಜೂರ್ ಸರಕಾರ, ಎಂದರೆ ನಿಜಾಮರು, ಬಂದರೆ ಇಳಿಯುವ ಮನೆ ಅದು. ಖಾಲಿ ಇದ್ದರೂ ಅದರ ಮುಂದೆ ಗಟ್ಟಿಯಾಗಿ ಮಾತಾಡುವುದು ಅವನಿಗೆ ಸರಿಬರಲಿಲ್ಲ. ತಾಜಸುಲ್ತಾನಪುರದಲ್ಲಿ ಎತ್ತಿಗೆ ನೀರು ಕುಡಿಸಿದೆವು. ಬಾವಿಯ ಹತ್ತಿರ ಒಬ್ಬ ಮುದುಕ ನನ್ನ ಮಾತು ಕೇಳಿ, "ನೀವು ಇಂಗ್ರೇಜಿ ಸರ್ಕಾರದ ಕನ್ನಡದೋರೇನ್ರಿ?" ಎಂದ. ಕನ್ನಡಕ್ಕೂ ಸರಕಾರವಿರುತ್ತದೆಂದು ನಾನು ಅಲ್ಲಿಯ ತನಕ ಎಣಿಸಿರಲಿಲ್ಲ.

ಹಿಂದಿನ ದಿನ ಮಳೆಯಾಗಿತ್ತು. ಎರೆ ಮಣ್ಣು ಗಾಲಿಗೆ ಮೆತ್ತಿ ಬಂಡಿ ತಾಸಿಗೊಮ್ಮೆ ನಿಂತಿತು. ನಮ್ಮಲ್ಲೂ ಎರೆಭೂಮಿ ಉಂಟು, ಆದರೆ ಇಷ್ಟು ಅಕ್ಕರೆಯಿಂದ ಹಿಡಿದುಕೊಳ್ಳುವುದನ್ನು ನಾನು ನೋಡಿರಲಿಲ್ಲ. ಇಳಿದು ಬಂಡಿ ನೂಕುವಾಗ ನನ್ನ ಕಾಲಿನ ಒಂದು ಕೆರ ಆ ಕೆಸರಲ್ಲೇ ಉಳಿಯಿತು. ಒಂಟಿ ಕೆರದಲ್ಲಿ ಗುರುಲಿಂಗಪ್ಪನ ಮನೆ ಹೊಕ್ಕೆ. ಅವನು ನನ್ನನ್ನು ತಬ್ಬಿಕೊಂಡು ಕೆಂಪು ತೊಗಟೆಯ ಬಾಳೆಹಣ್ಣು ಕೈಗಿಟ್ಟ. ನಾನು ಅದನ್ನು ಕೆಟ್ಟ ಹಣ್ಣೆಂದು ತಿಳಿದು ಸಂಕೋಚದಿಂದ ಪಕ್ಕಕ್ಕಿಟ್ಟೆ. "ಏ ಮಾಸ್ತರ, ನಮ್ಮೂರ ಬಾಳಿಹಣ್ಣಿನ ಬಣ್ಣನೇ ಅದು. ತಿನ್ನು, ಆಮ್ಯಾಲ ಧಾರವಾಡದ್ದು ಬಾಯಿಗಿ ಹತ್ತಂಗಿಲ್ಲ" ಎಂದು ನಕ್ಕ. ಆ ಸಂಜೆ ನಾಲ್ಕು ತಿಂದೆ.

ಕಮಲಾಪುರ

ಮರುದಿನ ಬೆಳಗ್ಗೆ ಅವನು ತಂಟೆಯ ಕಥೆ ಹೇಳಿದ. ಊರಿನ ಸೂಲಗಿತ್ತಿ ಚಂದಮ್ಮ. ಕೂಲಿಯವರ ಕೇರಿಯವಳು. ಹೆರಿಗೆಯ ಹೊತ್ತಿಗೆ ಹೆರುವವಳ ಮುಷ್ಟಿಯಲ್ಲಿ ಆ ಬಿಲ್ಲೆ ಇಡುತ್ತಾಳೆ. ಅವಳ ಅತ್ತೆಯೂ ಹಾಗೇ ಇಡುತ್ತಿದ್ದಳು, ಅತ್ತೆಯ ಅತ್ತೆಯೂ ಅಷ್ಟೇ. ಹಿಂದಿನ ವರ್ಷ ಕಲಬುರಗಿಯಿಂದ ಬಂದ ಒಬ್ಬ ಬೀಗರು ಬಿಲ್ಲೆಯನ್ನು ನೋಡಿ, "ಇದು ಕಡಿದ ರುಂಡ, ಇಂಥಾದ್ದು ಹೆರಿಗಿ ಕೋಣ್ಯಾಗ ಇಡ್ತಾರೇನು?" ಎಂದರು. ಅದೇ ತಿಂಗಳು ಒಂದು ಮನೆಯಲ್ಲಿ ಬಾಣಂತಿ ತೀರಿಕೊಂಡಳು. ಅಂದಿನಿಂದ ಎರಡು ಮೂರು ಮನೆಯವರು ಚಂದಮ್ಮನನ್ನು ಕರೆಯುವುದು ಬಿಟ್ಟರು.

"ನನ್ನ ಸೊಸಿ ಮೊದಲಿನ ಕೂಸು ಕಳಕೊಂಡಾಳ" ಎಂದ ಗುರುಲಿಂಗಪ್ಪ. "ಈಕಿ ಕೈಗುಣ ನನಗ ಗೊತ್ತದ. ಆದ್ರ ನಮ್ಮವ್ವ ಆ ಬಿಲ್ಲಿ ಮನಿಯೊಳಗ ಬರಬಾರದು ಅಂತಾಳ. ಬಿಲ್ಲಿ ಬಿಟ್ಟು ಬಾ ಅಂದ್ರ ಚಂದವ್ವ ಬರಂಗಿಲ್ಲ. ನೀ ಓದಿದಾಂವ. ಅದು ಯಾರ ಮಾರಿ ಅಂತ ಹೇಳು, ನಾ ನಮ್ಮವ್ವಗ ಹೇಳ್ತೀನಿ."

ಚಂದಮ್ಮ ಬಂದು ಅಂಗಳದಲ್ಲಿ ನಿಂತಳು. ಐವತ್ತು ದಾಟಿದ ಹೆಂಗಸು, ಗಟ್ಟಿ ಮೊಣಕೈ, ಸಣ್ಣ ಕಣ್ಣು. ಹೆರಿಗೆಯ ದಿನ ಒಳಕೋಣೆಯ ತನಕ ಹೋಗುವ ಅವಳು ಬೇರೆ ದಿನ ಕಟ್ಟೆ ಹತ್ತುವುದಿಲ್ಲ. ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಅಂಚಿಗಿಟ್ಟು ಹಿಂದೆ ಸರಿದಳು. ನಾನು ಎತ್ತಿಕೊಂಡೆ.

ನಮ್ಮ ರೂಪಾಯಿಗಿಂತ ತುಸು ದೊಡ್ಡದು, ಎರಡು ಪಟ್ಟು ದಪ್ಪ. ಕಂಚು. ಒಂದು ಕಡೆ ಪಕ್ಕಕ್ಕೆ ತಿರುಗಿದ ಮುಖ, ಇನ್ನೊಂದು ಕಡೆ ನಿಂತ ಆಕೃತಿ. ಸುತ್ತಲೂ ಅಕ್ಷರಗಳಿದ್ದ ಗುರುತು, ಆದರೆ ಹೆಚ್ಚಿನವು ಅಳಿಸಿಹೋಗಿದ್ದವು. ಇಂಥ ಮುಖಗಳ ಚಿತ್ರ ನಾನು ಪುಸ್ತಕದಲ್ಲಿ ನೋಡಿದ್ದೆ. ಇದು ರೋಮ್ ಸಾಮ್ರಾಜ್ಯದ ನಾಣ್ಯ.

"ಭಾಳ ಸವೆದದಲ್ಲ" ಎಂದೆ, ಅವಳದೇ ತಪ್ಪೆಂಬಂತೆ.

"ಹಿಡದು ಹಿಡದು ಸವದದ್ರಿ. ಎಷ್ಟು ಮಂದಿ ಹಿಡದಾರೋ ಯಾರಿಗಿ ಗೊತ್ತು" ಎಂದಳು.

ನಾನು ಮೊದಲು ರುಂಡದ ಮಾತು ಮುಗಿಸಿದೆ. ಜೇಬಿನಿಂದ ನಮ್ಮ ರೂಪಾಯಿ ತೆಗೆದು ದೊರೆಯ ಮುಖ ತೋರಿಸಿ, "ಇದಕ್ಕೂ ಕತ್ತಿನ ಕೆಳಗ ಮೈ ಇಲ್ಲ. ಇವರ ತಲಿ ಯಾರರೆ ಕಡದಾರೇನು?" ಎಂದೆ. ಬಾಗಿಲ ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ನಕ್ಕರು. ಈ ರಾಜ್ಯದ ನಾಣ್ಯದ ಮೇಲೆ ಇರುವುದು ಚಾರ್ಮಿನಾರು. ಹೆಂಗಸರ ಕೈಗೆ ಹೆಚ್ಚಾಗಿ ಬರುವುದೂ ಅದೇ. ಮನುಷ್ಯರ ತಲೆಯನ್ನು ಕತ್ತಿನಿಂದ ಮೇಲಕ್ಕಷ್ಟೇ ಕೆತ್ತುವ ಪದ್ಧತಿ ಅವರಿಗೆ ವಿಚಿತ್ರವಾಗಿ ಕಂಡದ್ದರಲ್ಲಿ ತಪ್ಪೇನಿಲ್ಲ.

ಆಮೇಲೆ ಭೂತಗನ್ನಡಿ ಹಿಡಿದು ಪಾಠ ಶುರು ಮಾಡಿದೆ. "ಇವ ರೋಮ್ ದೇಶದ ಚಕ್ರವರ್ತಿ. ಈ ಕಡೆ ನಿಂತಾಕಿ ಸಂಪತ್ತಿನ ದೇವತೆ. ಕೈಯಾಗ ಚೀಲ ಹಿಡಿದಾಳ. ಕಾಲ ಹತ್ತಿರ ಎರಡು ಕೊಡ."

ಚಂದಮ್ಮ ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದಳು. "ತಪ್ಪು ತಿಳೀಬ್ಯಾಡ್ರಿ ಮಾಸ್ತರ್ರೆ. ಅದು ಗಂಡಸಲ್ರಿ, ಹೆಣ್ಣು."

"ಹ್ಯಾಂಗ ಹೇಳ್ತಿ?"

"ತುರುಬು ನೋಡ್ರಿ. ಹಿಂದ ಸುತ್ತಿ ಕಟ್ಯಾಳ. ಗಂಡಸರಿಗಿ ಅಂಥಾ ತುರುಬು ಇರ್ತದೇನ್ರಿ? ಮತ್ತ ಆ ಕಡಿ ನಿಂತಾಕಿ ಹಿಡದಿದ್ದು ಚೀಲಲ್ಲ, ಕೂಸು. ಚೀಲಾ ಹಿಡದ್ರ ಕೈ ಜೋತು ಬೀಳ್ತದ. ಕೂಸಿನ ತಲಿ ಸಂಭಾಳಸ್ಲಾಕ ಮೊಣಕೈ ಹಿಂಗ ಎತ್ತಬೇಕಾಗ್ತದ." ಖಾಲಿ ತೋಳನ್ನು ಮಡಿಸಿ ತೋರಿಸಿದಳು. ಇಲ್ಲದ ಕೂಸು ಆ ತೋಳಲ್ಲಿ ನನಗೆ ಕಂಡಂತಾಯಿತು. "ಕಾಲ ಬಲ್ಲಿ ಇರೋವು ಕೊಡ ಅಲ್ರಿ. ನಡ್ಯಾಕ ಕಲ್ತ ಮಕ್ಕಳು. ಒಂದು ಆ ಕಡಿ, ಒಂದು ಈ ಕಡಿ. ಹಡದಾಕಿ ಸುತ್ತ ಹಂಗೇ ನಿಲ್ತಾವ್ರಿ."

ನಾನು ನಕ್ಕುಬಿಟ್ಟೆ. ಇಪ್ಪತ್ತು ವರ್ಷ ನಾಣ್ಯ ನೋಡಿದವನಿಗೆ ಅಂಗಳದಲ್ಲಿ ನಿಂತವಳು ಪಾಠ ಹೇಳುವುದೇ ಎಂಬ ನಗೆ ಅದು. ಈಗ ನೆನೆದರೆ ಆ ನಗೆಗೆ ನಾಚಿಕೆಯಾಗುತ್ತದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಮೊದಲಿನ ಜಾಗದಲ್ಲೇ ನಿಂತಳು.

ಆದರೆ ಊಟಕ್ಕೆ ಕೂತಾಗಲೂ ಆ ಮಡಿಸಿದ ಮೊಣಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಮಧ್ಯಾಹ್ನದ ಬೆಳಕಿಗೆ ಬಿಲ್ಲೆಯನ್ನು ಓರೆಯಾಗಿ ಹಿಡಿದು ನೋಡಿದೆ. ಕಿವಿಯ ಹಿಂದಿನಿಂದ ಇಳಿದ ಅಲೆಅಲೆ ಕೂದಲು ಕತ್ತಿನ ಹತ್ತಿರ ಗಂಟಾಗಿತ್ತು. ನಾನು ಕೊಡವೆಂದದ್ದಕ್ಕೆ ಎರಡು ಪುಟ್ಟ ಕಾಲುಗಳಿದ್ದವು. ಅಕ್ಷರಗಳಲ್ಲಿ ಮುಖದ ಕಡೆ ಕೊನೆಯ ನಾಲ್ಕು, ಹಿಂದಿನ ಕಡೆ ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಲ್ಯಾಟಿನ್ ಬಲ್ಲವರು ನೋಡಬೇಕಿತ್ತು. ಮೇಣದ ಅಚ್ಚು ತೆಗೆದೆ, ಆದರೆ ಆ ನುಣುಪಿನ ಮೇಲೆ ಅಕ್ಷರ ಏಳಲೇ ಇಲ್ಲ. ಬಿಲ್ಲೆಯನ್ನೇ ಕಲಬುರಗಿಗೆ ಒಯ್ಯಬೇಕಾಯಿತು.

ಕೇಳಿದಾಗ ಚಂದಮ್ಮ ಬಿಲ್ಲೆ ಕಟ್ಟುತ್ತಿದ್ದ ಸೆರಗಿನ ತುದಿಯನ್ನು ಹಿಡಿದುಕೊಂಡಳು. "ಇದು ಊರ ದಾಟಿಲ್ರಿ" ಎಂದಳು. ಬಳಿಕ ಗುರುಲಿಂಗಪ್ಪನ ಕಡೆ ತಿರುಗಿ, "ನಿಮ್ಮ ಸೊಸಿಗಿ ಇನ್ನ ಹದಿನೈದು ದಿನ ಅದ. ಮೂರು ದಿನದಾಗ ತಂದುಕೊಡ್ರಿ ಅಂತ ಹೇಳ್ರಿ" ಎಂದಳು. ನನ್ನ ಎದುರಿಗೇ ನಿಂತಿದ್ದರೂ ನನಗೆ ಹೇಳಲಿಲ್ಲ. ನಾನು ನಕ್ಕದ್ದನ್ನು ಅವಳು ಮರೆತಿರಲಿಲ್ಲ.

ಮತ್ತೆ ಕಲಬುರಗಿ

ಸ್ಟೇಶನ್ನಿನ ಹತ್ತಿರದ ಚಾಳಿನಲ್ಲಿ ಲ್ಯಾಟಿನ್ ಬಲ್ಲ, ಗೋವೆಯ ಕಡೆಯ ಒಬ್ಬ ಮುದಿ ಪಾದ್ರಿ ಇರುವರೆಂದು ನನ್ನ ಉಂಗುರದ ಸುಂಕದ ಸಾಹೇಬರೇ ಹೇಳಿದರು. ಹೋದರೆ ಬಾಗಿಲಿಗೆ ಬೀಗ. ಶಹಾಬಾದಿನಲ್ಲಿ ಯಾರಿಗೋ ಮದುವೆ ಮಾಡಿಸಲು ಹೋಗಿದ್ದರು. ಒಂದು ದಿನ ಕಾದೆ, ಎರಡನೆಯ ದಿನವೂ ಕಾದೆ. ಬೇಸರಕ್ಕೆ ಬಜಾರಿನಲ್ಲಿ ಹೊಸ ಕೆರ ಕೊಳ್ಳಲು ಹೋದರೆ ಅಂಗಡಿಯವನು ನನ್ನ ಒಂದು ಕಾಲಿಗೆ ಉರ್ದುವಿನಲ್ಲೂ ಇನ್ನೊಂದಕ್ಕೆ ಕನ್ನಡದಲ್ಲೂ ಅಳತೆ ಹೇಳಿದ. ಎರಡೂ ಕೆರ ಸರಿಯಾಗಿ ಕೂತವು.

ಮೂರನೆಯ ದಿನ ಪಾದ್ರಿ ಸಿಕ್ಕರು. ಇಬ್ಬರಿಗೂ ಬರುತ್ತಿದ್ದ ಮರಾಠಿಯಲ್ಲಿ ಮಾತಾಡಿದೆವು. ಅವರು ಬಿಲ್ಲೆಯನ್ನು ಕಣ್ಣಿಗಿಂತ ಹೆಚ್ಚು ಬೆರಳಿನಿಂದ ಓದಿದರು. ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಂಚಿನ ಮೇಲೆ ಎಳೆಯುತ್ತ, ಉಳಿದ ಒಂದೊಂದೇ ಅಕ್ಷರ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು ಅರ್ಧ ತಾಸು ಹಾಳೆ ಮಗುಚಿದರು.

"ಹೆಂಗಸು" ಎಂದರು ಕಡೆಗೆ. "ಫೌಸ್ಟಿನಾ ಎಂಬ ಮಹಾರಾಣಿ. ತತ್ತ್ವಜ್ಞಾನಿ ಎಂದು ಹೆಸರಾದ ಚಕ್ರವರ್ತಿಯ ಹೆಂಡತಿ. ಹೆಚ್ಚು ಕಡಿಮೆ ಸಾವಿರದ ಏಳುನೂರೈವತ್ತು ವರ್ಷದ ಹಿಂದಿನವಳು."

"ಹಿಂದಿನ ಕಡೆ?"

"ಯೂನೋ ಲೂಕಿನಾ." ಮುದುಕರು ನಕ್ಕರು. "ನಾನು ಹೇಳಬಾರದ ದೇವತೆ. ಆದರೆ ಬರೆದಿದೆ, ಏನು ಮಾಡಲಿ? ಕೂಸನ್ನು ಬೆಳಕಿಗೆ ತರುವವಳು ಎಂದು ಅರ್ಥ. ಹೆರಿಗೆಯಲ್ಲಿ ರೋಮಿನ ಹೆಂಗಸರು ಕೂಗಿ ಕರೆಯುತ್ತಿದ್ದದ್ದು ಇವಳನ್ನೇ. ಕೈಯಲ್ಲೊಂದು ಮಗು, ಕಾಲಬಳಿ ಎರಡು."

ಆ ಬಿಲ್ಲೆ ಯಾವ ಹಡಗಿನಲ್ಲಿ ಬಂತೋ, ಯಾವ ವ್ಯಾಪಾರಿಯ ಗಂಟಿನಿಂದ ಯಾವ ಹೊಲಕ್ಕೆ ಬಿತ್ತೋ ತಿಳಿಯದು. ಓದು ಬಾರದ ಯಾವಳೋ ಒಬ್ಬಳು ಅದನ್ನೆತ್ತಿ ನೋಡಿ, ಇದು ಹೆರಿಗೆಯ ಕೋಣೆಗೆ ಸೇರಿದ್ದೆಂದು ತಿಳಿದುಕೊಂಡಿದ್ದಳು. ಯಾವ ಪುಸ್ತಕವೂ ಇಲ್ಲದೆ, ಆ ತೋಳು ಮಡಿಸಿದ ರೀತಿಯೊಂದರಿಂದಲೇ.

ತಿರುಗಿ ಕಮಲಾಪುರಕ್ಕೆ

ಹೊರಟ ದಿನ ಮತ್ತೆ ಮಳೆ ಬಂದು ದಾರಿಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಮೂರು ದಿನವೆಂದವನು ಆರನೆಯ ದಿನ ಮಧ್ಯಾಹ್ನ ಊರು ಸೇರಿದೆ. ಗುರುಲಿಂಗಪ್ಪ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ಬಾಡಿತ್ತು.

"ನಿನ್ನಿ ಮುಂಜಾನಿ ಬ್ಯಾನಿ ಶುರು ಆತು" ಎಂದ. "ದಿನ ತುಂಬಿರಲಿಲ್ಲ."

"ಮತ್ತ?"

ಅವನು ಉತ್ತರ ಹೇಳುವ ಮೊದಲೇ ಒಳಗಿನಿಂದ ಕೂಸು ಅತ್ತಿತು. ಸಣ್ಣ, ಒರಟು ದನಿ. ಗುರುಲಿಂಗಪ್ಪ ಆಗ ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ಇಡೀ ರಾತ್ರಿ ನಿದ್ದೆಯಿಲ್ಲದ ಮುಖ ಅದು, ದುಃಖದ್ದಲ್ಲ. "ಹೆಣ್ಣು. ಇವತ್ತು ಹೊತ್ತು ಏರೋ ಮುಂದ ಆತು. ತಾಯಿ ಮಗಳು ಇಬ್ರೂ ಅರಾಮ ಅದಾರ."

ಬೇನೆ ಶುರುವಾದಾಗ ಅವನ ತಾಯಿಯೇ, ಬಿಲ್ಲೆ ಬೇಡವೆಂದ ಮುದುಕಿಯೇ, "ಬಿಲ್ಲಿ ಎಲ್ಲಿ, ಬಿಲ್ಲಿ ತರ್ರಿ" ಎಂದು ಕೂಗಾಡಿದಳಂತೆ. ಸೊಸೆಯೂ ಅದನ್ನೇ ಕೇಳಿದಳಂತೆ. ನನ್ನನ್ನು ಎಷ್ಟು ಬೈದರೋ ಗುರುಲಿಂಗಪ್ಪ ಹೇಳಲಿಲ್ಲ.

ಚಂದಮ್ಮ ಹಿತ್ತಲಲ್ಲಿ ಕೈಕಾಲು ತೊಳೆದು ಕೂತಿದ್ದಳು. ನಾನು ಹೋಗಿ ನಿಂತೆ. ತಡವಾದದ್ದಕ್ಕೆ ಕಾರಣ ಹೇಳಲು ಬಾಯಿ ತೆರೆದೆ, ಆದರೆ ಅವಳ ಮಣಿಕಟ್ಟು ಕಂಡು ನಿಲ್ಲಿಸಿದೆ. ಅಲ್ಲಿ ನಾಲ್ಕು ಉಗುರಿನ ಗುರುತುಗಳು ಕೆಂಪಗೆ ಬಾತಿದ್ದವು.

"ಬಿಲ್ಲಿ ಇಲ್ಲಂದ್ಮ್ಯಾಲ ಏನರೆ ಹಿಡಕೋಬೇಕಲ್ರಿ" ಎಂದಳು. "ನನ್ನ ಕೈ ಕೊಟ್ಟೆ. ಭಾಳ ಗಟ್ಟಿ ಹುಡುಗಿ."

"ಚಂದಮ್ಮಾ, ನೀ ಹೇಳಿದ್ದು ಖರೆ. ಅದು ಹೆಣ್ಣು. ಕೈಯಾಗಿದ್ದದ್ದು ಕೂಸು. ಕಾಲ ಹತ್ರ ಇದ್ದವು ಮಕ್ಕಳು. ನನಗ ತಿಳೀಲಿಲ್ಲ, ನಿನಗ ತಿಳೀತು." ಪಾದ್ರಿ ಹೇಳಿದ್ದೆಲ್ಲವನ್ನೂ ಹೇಳಿದೆ. ದೇವತೆಯ ಮಾತಿಗೆ ಅವಳು ತಲೆಯಾಡಿಸಿದಳು, ಅಷ್ಟೇನೂ ಬೆರಗಾಗಲಿಲ್ಲ. ರಾಣಿಯ ವಿಷಯ ಮಾತ್ರ ಕೇಳಿದಳು.

"ಆಕಿಗಿ ಎಷ್ಟು ಮಕ್ಕಳ್ರಿ?"

"ಹದಿಮೂರೋ ಹದಿನಾಲ್ಕೋ ಅಂತಾರ."

"ಉಳದಾವೆಷ್ಟು?"

"ಅರ್ಧಕ್ಕಿಂತ ಹೆಚ್ಚು ಸಣ್ಣವಿದ್ದಾಗೇ ಹೋದವು."

ಚಂದಮ್ಮ ನೆಲ ನೋಡುತ್ತ ಕೂತಳು. "ರಾಣಿ ಇದ್ರೂ?" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಆಕಿ ಬಾಜೂಕ ಯಾರು ಇದ್ರೋ ಏನೋ" ಎಂದಳು. ರಾಣಿಯ ಸೂಲಗಿತ್ತಿಯ ಬಗ್ಗೆ ಯಾವ ಪುಸ್ತಕದಲ್ಲೂ ಯಾರೂ ಏನೂ ಬರೆದಿಲ್ಲ.

ಬಿಲ್ಲೆ ತೆಗೆದೆ. ಅವಳ ಕೈಗೆ ಕೊಡಬೇಕೆಂದು ಬಂಡಿಯಲ್ಲಿ ಬರುವಾಗಲೇ ಎಣಿಸಿಕೊಂಡಿದ್ದೆ. ಆದರೆ ಕೈ ತನ್ನ ರೂಢಿಯಂತೆ ಅದನ್ನು ಒಗೆಯುವ ಕಲ್ಲಿನ ಮೇಲಿಟ್ಟುಬಿಟ್ಟಿತು. ಅವಳು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ನಾನು ಮಾಡಿದ್ದು ಅವಳಿಗೆ ತಪ್ಪೆಂದೂ ತೋರಲಿಲ್ಲ. ನನಗೆ ಮಾತ್ರ ಆ ಕಲ್ಲಿನ ಮೇಲೆ ಕಂಚು ಬಡಿದ ಸಪ್ಪಳ ಇಂದಿಗೂ ಕೇಳಿಸುತ್ತದೆ.

ಸಂಜೆ ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತವರಿಗೆಲ್ಲ ರೋಮಿನ ರಾಣಿಯ ಕಥೆ ಹೇಳಿದ. ಅವನ ಬಾಯಲ್ಲಿ ರಾಣಿಗೆ ಇಪ್ಪತ್ತು ಮಕ್ಕಳಾದವು, ಎಲ್ಲವೂ ಉಳಿದವು. ನಾನು ತಿದ್ದಲಿಲ್ಲ. ಎರಡು ದಿನ ಕಳೆದು ನಾನು ಹೊರಡುವ ಬೆಳಗ್ಗೆ, ಚಂದಮ್ಮನನ್ನು ಕರೆಯುವುದು ಬಿಟ್ಟಿದ್ದ ಒಂದು ಮನೆಯ ಬಂಡಿ ಅವಳ ಕೇರಿಯ ಕಡೆ ಹೋದದ್ದು ನೋಡಿದೆ.

ಧಾರವಾಡ

ಮನೆಗೆ ಬಂದು ನಾಣ್ಯದ ಕುರಿತು ಒಂದು ಲೇಖನ ಬರೆದು ಮುಂಬಯಿಯ ಒಂದು ವಿದ್ವತ್ ಪತ್ರಿಕೆಗೆ ಕಳಿಸಿದೆ. ಅಳತೆ, ತೂಕ, ಉಳಿದ ಅಕ್ಷರ ಎಲ್ಲ ಬರೆದೆ. ಸೂಲಗಿತ್ತಿ ಹೇಳಿದ್ದನ್ನೂ, ನಾನು ತಪ್ಪಿದ್ದನ್ನೂ ಬರೆದೆ. ತಿಂಗಳ ಮೇಲೆ ಸಂಪಾದಕರ ಉತ್ತರ ಬಂತು. ಬಹಳ ಸೌಜನ್ಯದ ಪತ್ರ. ಲೇಖನ ಉಪಯುಕ್ತವಾಗಿದೆ, ಆದರೆ ಸೂಲಗಿತ್ತಿಯ ಪ್ರಸಂಗ ಶಾಸ್ತ್ರಕ್ಕೆ ಸಂಬಂಧಿಸಿದ್ದಲ್ಲ, "ಲೇಖಕರು ಗುರುತಿಸಿದಂತೆ" ಎಂದಿಷ್ಟು ಹಾಕಿದರೆ ಸಾಕು ಎಂದಿತ್ತು. ನಾಣ್ಯವನ್ನು ಯಾವುದಾದರೂ ಸಂಗ್ರಹಕ್ಕೆ ಕೊಡಿಸಲಾದೀತೇ ಎಂದೂ ಕೇಳಿದ್ದರು.

ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಎರಡು ಕೂಸುಗಳನ್ನು ಮಣ್ಣಿಗಿಟ್ಟವಳು. "ಕೊಡಸ್ಲಿಕ್ಕೆ ಅದು ನಿಮ್ದೇನ್ರಿ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಲೇಖನವನ್ನು ಹಿಂದಕ್ಕೆ ಕರೆಸಿಕೊಂಡೆ. ಸೂಲಗಿತ್ತಿಯ ಪ್ರಸಂಗವನ್ನು ಬಿಡದೆ ಅಚ್ಚು ಹಾಕುವ ಜಾಗ ಬೇರೆ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ರೋಮ್ ಸಾಮ್ರಾಜ್ಯದ ಒಂದು ಕಂಚಿನ ನಾಣ್ಯ ನಿಜಾಮರ ರಾಜ್ಯದ ಕಮಲಾಪುರದಲ್ಲಿ ಇದೆ, ಇಂದಿಗೂ ಬಳಕೆಯಲ್ಲಿದೆ. ಅದನ್ನು ಓದಿದವರು ಒಬ್ಬ ಮುದಿ ಪಾದ್ರಿ. ಹೊತ್ತುಕೊಂಡು ತಿರುಗಿದವನು ನಾನು. ಗುರುತಿಸಿದವಳು ಕಮಲಾಪುರದ ಸೂಲಗಿತ್ತಿ ಚಂದಮ್ಮ.